ಊಟವಾದ ಮೇಲೆ ಕೆಡುವ ಮೆಷಿನ್

"ಕೀ ಆನ್ ಮಾಡೋಕೆ ಹೇಳಿ ಅವರಿಗೆ!"

ಎಕ್ಸ್‌ಕವೇಟರ್‌ನ ಹೊಟ್ಟೆಯೊಳಗೆ ಅರ್ಧ ಹೂತುಹೋಗಿದ್ದ ಫ್ಯೂಸ್ ಅರಚಿದ. ಹೆತ್ತವರು ಇಟ್ಟ ಹೆಸರು ಬೇರೆ. ಮಾತುಮಾತಿಗೂ ಸುಟ್ಟುಹೋಗುವ ಮೆಕ್ಯಾನಿಕ್‌ಗೆ ಗ್ಯಾರೇಜಿನವರು ಇಟ್ಟದ್ದೇ ಗಟ್ಟಿಯಾಗಿ ಅಂಟಿಕೊಂಡಿತ್ತು.

ಮೇಲೆ ಕ್ಯಾಬಿನ್ನಿನಲ್ಲಿ ಕೂತಿದ್ದ ಆಪರೇಟರ್‌ಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಅಲುಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸೂಪರ್‌ವೈಸರ್ ಸಿಗರೇಟಿನ ಹೊಗೆ ಬಿಟ್ಟು, "ಕೀ ಆನ್ ಮಾಡ್ಬೇಕಂತೆ" ಎಂದ ಮೇಲೆಯೇ ಕೀ ತಿರುಗಿತು.

ಆಪರೇಟರ್ ಫ್ಯೂಸ್‌ನ ಸ್ವಂತ ಅಕ್ಕನ ಗಂಡ. ಹೋದ ವರ್ಷ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಭಾವ, "ನಿನ್ನ ಮೀಟರ್‌ಗಿಂತ ನನ್ನ ಮೂಗೇ ವಾಸಿ ಕಣೋ, ವೈರ್ ಸುಟ್ಟರೆ ಮೊದಲು ನನಗೇ ಗೊತ್ತಾಗೋದು" ಅಂದುಬಿಟ್ಟಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಫ್ಯೂಸ್ ತಟ್ಟೆ ತಳ್ಳಿ ಎದ್ದವನು ಮತ್ತೆ ಭಾವನ ಜೊತೆ ಮಾತಾಡಲಿಲ್ಲ, ಅಕ್ಕನ ಕೈಯ ಅನ್ನವನ್ನೂ ಮುಟ್ಟಲಿಲ್ಲ.

ಈ ಮೆಷಿನ್ನಿನದು ವಿಚಿತ್ರ ಕಾಯಿಲೆ. ಬೆಳಿಗ್ಗೆ ಹೋರಿಯಂತೆ ಮಣ್ಣು ಬಗೆಯುತ್ತದೆ. ಮಧ್ಯಾಹ್ನ ಭಾವ ಊಟ ಮಾಡಿ, ಬಕೆಟ್‌ನ ನೆರಳಿನಲ್ಲಿ ಗೊರಕೆ ಹೊಡೆದು, ಎದ್ದು ಕೀ ತಿರುಗಿಸಿದರೆ ಹೆಣ. ಡೀಸೆಲ್ ಒತ್ತಡ ಗೊತ್ತಾಗುತ್ತಿಲ್ಲ, ಆಯಿಲ್ ಒತ್ತಡ ಗೊತ್ತಾಗುತ್ತಿಲ್ಲ, ಗಾಳಿ ಒತ್ತಡ ಗೊತ್ತಾಗುತ್ತಿಲ್ಲ ಎಂದು ಕ್ಯಾಬಿನ್ನಿನ ಪರದೆಯ ತುಂಬ ಸೆನ್ಸರ್‌ಗಳ ಗೋಳು. ಬಿಸಿಲಿಗೆ ಎಲ್ಲೋ ಸಡಿಲವಾಗುತ್ತಿದೆ ಎಂದುಕೊಂಡ ಫ್ಯೂಸ್, ಪ್ರತಿ ಸಲ ಒಬ್ಬನೇ ಕೂತು ಸೆನ್ಸರ್‌ಗಳಿಗೆ ವೈರ್ ಸಿಕ್ಕಿಸುವ ಕನೆಕ್ಟರ್‌ಗಳನ್ನೆಲ್ಲ ಒಟ್ಟಿಗೆ ಕಿತ್ತು, ಗಾಳಿ ಹೊಡೆದು, ವಾಪಸ್ ಸಿಕ್ಕಿಸುತ್ತಿದ್ದ. ಮೆಷಿನ್ ಎದ್ದುಬಿಡುತ್ತಿತ್ತು. ಯಾಕೆ ಎದ್ದಿತು ಎನ್ನುವುದು ಅವನಿಗೂ ಗೊತ್ತಿರಲಿಲ್ಲ. ನಿನ್ನೆ, "ಇನ್ನೊಂದ್ಸಲ ಕೆಟ್ಟರೆ ನನ್ನ ಮೀಸೆ ಬೋಳಿಸಿ. ಇನ್ನು ಈ ಕಡೆ ಬರೋ ಮಾತೇ ಇಲ್ಲ" ಎಂದು ಹೇಳಿ ಹೋಗಿದ್ದ.

ಇವತ್ತು ಊಟವಾದ ಮೇಲೆ ಮತ್ತೆ ಕೆಟ್ಟಿತು.

ಮಾಲೀಕ ಕೆಂಡವಾಗಿದ್ದ. "ಸಂಜೆಯೊಳಗೆ ಯಾಕೆ ಕೆಡುತ್ತೆ ಅಂತ ತೋರಿಸ್ಬೇಕು. ಇಲ್ಲಾಂದ್ರೆ ತಪ್ಪು ಸೀಟಲ್ಲಿ ಕೂತವನದು. ನಾಳೆಯಿಂದ ನನ್ನ ಭಾಮೈದ ಓಡಿಸ್ತಾನೆ."

ಆ ಭಾಮೈದನೇ ಸೂಪರ್‌ವೈಸರ್. ತುಟಿಯಲ್ಲಿ ಸಿಗರೇಟು, ಕಣ್ಣು ಭಾವನ ಸೀಟಿನ ಮೇಲೆ. ಫ್ಯೂಸ್‌ಗೆ ಆಗಲೇ ಅನುಮಾನ ಹೊಗೆಯಾಡಿತು. ಭಾವ ಹಾಳಾಗಿ ಹೋಗಲಿ, ಅಕ್ಕನ ಒಲೆ ಆರಬಾರದು.

ದಿನದಂತೆ ಊಟ ತಂದಿದ್ದ ಅಕ್ಕ ಮರದ ಕೆಳಗೇ ಇದ್ದಳು. ಮಾಲೀಕನ ಮಾತು ಕೇಳಿ ಅವಳ ಮುಖ ಬಿಳಿಚಿಕೊಂಡಿತ್ತು.

"ಲೋ, ನಿನ್ನ ಪೊಟ್ಟಣ ಇಲ್ಲಿದೆ. ಎರಡು ತುತ್ತು ತಿಂದು ಶುರುಮಾಡೋ."

"ನನಗೇನೂ ಬೇಡ."

"ಹೋಗ್ಲಿ, ಆ ಬಲಗಡೆ ಬಾಗಿಲಿಂದ ನೋಡ್ಕೊಂಡು ಬಾ."

"ಅಕ್ಕಾ, ಅಪ್ಪನಿಗೆ ಸ್ಪ್ಯಾನರ್ ಎತ್ತಿಕೊಟ್ಟ ಮಾತ್ರಕ್ಕೆ ನೀನು ಮೆಕ್ಯಾನಿಕ್ ಆಗಲ್ಲ!"

ಹಠಕ್ಕೆ ಬಿದ್ದು ಎಡಗಡೆಯಿಂದ ಶುರುಮಾಡಿದ. ಸೂಪರ್‌ವೈಸರ್ ಬಾಯಿಂದ ಕೀ ಆನ್ ಮಾಡಿಸಿದ್ದು ಆಗಲೇ. ಅಕ್ಕ ಹಣೆ ಚಚ್ಚಿಕೊಂಡಳು. ಆಮೇಲೆ ಸೂಪರ್‌ವೈಸರ್ ಕಡೆ ತಿರುಗಿ, "ಅಣ್ಣಾ, ನಿಮ್ಮ ಭಾವ ಶೆಡ್ಡಲ್ಲಿ ಕರೀತಿದಾರೆ" ಎಂದಳು. ಅವನು ಹೊರಟುಹೋದ.

ಮಾತು ದಾಟಿಸುವವನೇ ಇಲ್ಲ. ಮೇಲೊಬ್ಬ, ಕೆಳಗೊಬ್ಬ, ನಡುವೆ ಕಬ್ಬಿಣ.

ಆ ಸೆನ್ಸರ್‌ಗಳೆಲ್ಲ ಒಂದೇ ವೈರಿನಿಂದ ಐದು ವೋಲ್ಟ್ ಕುಡಿಯುತ್ತವೆ. ಒಬ್ಬ ಕಳ್ಳ ಅಷ್ಟನ್ನೂ ನುಂಗಿ ಕೂತರೆ ಉಳಿದವೆಲ್ಲ ಬಾಯಿ ಬಡಿದುಕೊಳ್ಳುತ್ತವೆ. ಕಳ್ಳ ಯಾರೆಂದು ತಿಳಿಯಲು ಒಂದೊಂದನ್ನೇ ಕೀಳಬೇಕು, ಪ್ರತಿ ಸಲ ಮೇಲಿನವನು ಪರದೆ ನೋಡಿ ಹೇಳಬೇಕು. ಒಬ್ಬನಿಂದ ಆಗುವ ಕೆಲಸವಲ್ಲ.

ಫ್ಯೂಸ್ ಒಂದು ಕನೆಕ್ಟರ್ ಕಿತ್ತ. "...ಕೀ ಆನ್."

"ಆನ್," ಎಂದಿತು ಮೇಲಿನ ದನಿ.

"ಗೋಳು ನಿಂತಿತಾ?"

"ಇಲ್ಲ."

"ಸರಿಯಾಗಿ ನೋಡಿ. ಮೂಗಿಂದಲ್ಲ, ಕಣ್ಣಿಂದ!"

"ನೀನು ಸರಿಯಾಗಿ ಕೀಳೋ. ಬಾಯಿಂದಲ್ಲ, ಕೈಯಿಂದ!"

ಇಬ್ಬರಿಗೂ ನಗು ಬಂತು. ಇಬ್ಬರೂ ಕೆಮ್ಮಿ ಮುಚ್ಚಿಕೊಂಡರು. ಎಡಗಡೆಯವೆಲ್ಲ ಮುಗಿದವು. ಬೆವರು ಕಣ್ಣಿಗಿಳಿಯಿತು. ಕೊನೆಗೆ ಬಲಗಡೆಯ ಬಾಗಿಲು, ನೆಲದಲ್ಲಿ ನಿಂತರೇ ಕೈಗೆಟುಕುವ ಪಂಪಿನ ಸೆನ್ಸರ್. ಕನೆಕ್ಟರ್ ಕಿತ್ತ.

"ಹೋಯ್ತು! ಎಲ್ಲಾ ಗೋಳೂ ನಿಂತುಹೋಯ್ತು ಕಣೋ!"

ಕನೆಕ್ಟರಿನ ಬಾಯಿಂದ ಉಗುರಿನಷ್ಟು ಹೊಳೆಯುವ ಚೂರೊಂದು ಫ್ಯೂಸ್‌ನ ಅಂಗೈಗೆ ಬಿತ್ತು. ಪಿನ್‌ಗಳು ಒಂದಕ್ಕೊಂದು ತಾಗುವಂತೆ ಯಾರೋ ಮಡಿಸಿ ತುರುಕಿದ್ದರು. ಇಷ್ಟು ದಿನ ಗಾಳಿ ಹೊಡೆದು ಹಾರಿಸುತ್ತಿದ್ದುದು ಇಂಥದನ್ನೇ.

"ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ! ಆ ಬೋಳಿಮಗ..."

ಭಾವ ಕೆಳಗಿಳಿದು ಬಂದ. ಚೂರನ್ನು ತಿರುಗಿಸಿ ನೋಡಿದ. ಸಿಗರೇಟ್ ಪ್ಯಾಕಿನದಾದರೆ ಹಿಂದೆ ಕಾಗದ ಅಂಟಿರಬೇಕು, ಇದಕ್ಕೆ ಇರಲಿಲ್ಲ. ಮೂಗಿನ ಹತ್ತಿರ ಹಿಡಿದ, ಹೊಳ್ಳೆಗಳು ಅರಳಿದವು. ಒಂದು ಸಲ ಮರದ ಕಡೆ ನೋಡಿ, ಚೂರನ್ನು ಜೇಬಿಗೆ ಹಾಕಿಕೊಂಡು, ಫ್ಯೂಸ್‌ಗಿಂತ ಜೋರಾಗಿ ಗುಡುಗಿದ: "ಅವನದೇ! ಇಲ್ಲಿ ಇನ್ಯಾರು ಸೇದ್ತಾರೆ?"

ಗಲಾಟೆ ಕೇಳಿ ಮಾಲೀಕ ಭಾಮೈದನನ್ನು ಎಳೆದುಕೊಂಡೇ ಬಂದ. "ನಾನು ಕರೆದೇ ಇಲ್ಲ, ಶೆಡ್ಡಿಗೆ ಬಂದು ಅವಿತ್ಕೊಂಡಿದ್ದ!"

"ಭಾವಾ, ನೀವು ಕರೆದ್ರಿ ಅಂತ..."

"ಬಾಯ್ಮುಚ್ಚು! ನನ್ನ ಮೆಷಿನ್ನಿಗೇ ಕೈ ಹಾಕ್ತೀಯಾ? ನಿನ್ನ ಅಕ್ಕನಿಗೆ ನಾನು ಹೇಳ್ಕೋತೀನಿ, ಮೊದಲು ಇಲ್ಲಿಂದ ತೊಲಗು!"

ಮೆಷಿನ್ ಗುಡುಗುಡು ಎಂದಿತು. ಸೀಟು ಭಾವನಿಗೇ ಉಳಿಯಿತು.

ಕೆಲಸ ಮುಗಿಸಿ ಇಬ್ಬರೂ ಮರದ ಕೆಳಗೆ ಕಾಲು ಚಾಚಿದರು. "ಭಾಮೈದರನ್ನ ನಂಬಲೇಬಾರದು," ಎಂದ ಭಾವ. ಫ್ಯೂಸ್‌ನ ಕಾಲನ್ನು ಕಾಲಿನಿಂದ ತಳ್ಳಿ, "ನಿನ್ನನ್ನ ಬಿಟ್ಟು" ಎಂದ.

"ಇನ್ನಾದ್ರೂ ತಿಂತೀಯೇನೋ?" ಅಕ್ಕ ಪೊಟ್ಟಣ ಅವನ ತೊಡೆಯ ಮೇಲಿಟ್ಟಳು. "ಬೆಳಿಗ್ಗೇನೇ ನಿನಗೂ ಸೇರಿಸಿ ಕಟ್ಟಿದ್ದೆ."

ಫ್ಯೂಸ್‌ನ ಹೊಟ್ಟೆ ತಾಳ ಹಾಕುತ್ತಿತ್ತು. ಬಟ್ಟೆಯ ಗಂಟು ಬಿಚ್ಚಿದವನು ಹಾಗೇ ಕೈ ತಡೆದ. ಬೆಳಿಗ್ಗೆ ಮೆಷಿನ್ ಕೆಟ್ಟೇ ಇರಲಿಲ್ಲವಲ್ಲ? ಬೆಳ್ಳುಳ್ಳಿ ಒಗ್ಗರಣೆಯ ಘಮ ಮುಖಕ್ಕೆ ಹೊಡೆಯಿತು. ಅನ್ನ ಸುತ್ತಿದ್ದ ಹೊಳೆಯುವ ಹಾಳೆಯ ಮೂಲೆಯಲ್ಲಿ ಉಗುರಿನಷ್ಟು ಹರಿದಿತ್ತು.

"ಹೋದ ವರ್ಷವೇ ಹೇಳಿದ್ನಲ್ಲೋ," ಭಾವ ಅವನ ಕಿವಿಯ ಬಳಿ ಪಿಸುಗುಟ್ಟಿದ, "ನಿನ್ನ ಮೀಟರ್‌ಗಿಂತ ನನ್ನ ಮೂಗೇ ವಾಸಿ."