ಎದುರಂಗಡಿಯ ಕಿತ್ತಳೆ ವಾಸನೆ

ಹೆಂಡತಿ ಚಹಾದ ಲೋಟ ಕೈಗಿಟ್ಟಾಗ ಮೇಸ್ತ್ರಿಯ ಮೂಗು ಚುರುಕಾಯಿತು. ಅವಳ ಬೆರಳುಗಳಿಂದ ಕಿತ್ತಳೆ ಹಣ್ಣಿನ ವಾಸನೆ ಬರುತ್ತಿತ್ತು. ಮನೆಗೆ ಕಿತ್ತಳೆ ತಂದು ತಿಂಗಳಾಗಿತ್ತು.

"ಹಣ್ಣು ತಿಂದ್ಯಾ?"

"ಇಲ್ವಲ್ಲ. ಯಾಕೆ?"

"ಸುಮ್ನೆ ಕೇಳ್ದೆ."

ಸುಮ್ಮನೆ ಕೇಳಿರಲಿಲ್ಲ. ಅದು ಎಲ್ಲಿಯ ವಾಸನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ರಸ್ತೆಯ ಆಚೆ ಕಳೆದ ವರ್ಷ ಗಾಜಿನ ಬಾಗಿಲಿನ ಅಂಗಡಿ ತೆರೆದವನು ಕಾರಿನ ಟೈರುಗಳಿಗೆ ಹಚ್ಚುವ ಡ್ರೆಸ್ಸಿಂಗ್, ಅಂದರೆ ಹೊಳಪಿನ ದ್ರವ, ಕಿತ್ತಳೆಯಂತೆ ರಸ್ತೆ ದಾಟಿ ಇವನ ಅಂಗಳದವರೆಗೂ ಘಮಘಮ ಎನ್ನುತ್ತದೆ.

ಮೇಸ್ತ್ರಿಯದೂ ಅದೇ ಕಸುಬು. ಮೂವತ್ತು ವರ್ಷಗಳಿಂದ ಕಾರು ತೊಳೆದು, ಟೈರಿಗೂ ಬಂಪರಿನ ಕಪ್ಪು ಪ್ಲಾಸ್ಟಿಕ್ಕಿಗೂ ಬಿಸಿಲು ತಿನ್ನದಂತೆ ಡ್ರೆಸ್ಸಿಂಗ್ ಹಚ್ಚಿ ಕೊಡುತ್ತಿದ್ದ. ಎಣ್ಣೆಯಂಥದ್ದು ಫಳಫಳ ಹೊಳೆಯುತ್ತದೆ, ಆದರೆ ಧೂಳು ಹಿಡಿಯುತ್ತದೆ, ಗಾಡಿ ಓಡಿದರೆ ಬಾಗಿಲಿಗೆಲ್ಲ ಸಿಡಿಯುತ್ತದೆ. ಹಾಲಿನಂಥದ್ದು ಅಷ್ಟು ಹೊಳೆಯುವುದಿಲ್ಲ, ಆದರೆ ರಬ್ಬರನ್ನು ಕಾಯುತ್ತದೆ. ಯಾವ ಗಾಡಿಗೆ ಯಾವುದು ಎಂದು ಅವನು ಮುಚ್ಚಳ ಮೂಸಿಯೇ ಆರಿಸುತ್ತಿದ್ದ. ಲೇಬಲ್ ಓದುವುದು ನಿನ್ನೆ ಮೊನ್ನೆ ಬಂದವರ ಕೆಲಸ ಎನ್ನುವ ಜಂಬ ಬೇರೆ. ಬಾಟಲಿ ಎತ್ತಿದರೆ ಸಾಕು, ಎಷ್ಟು ಚಮಚ ಉಳಿದಿದೆ ಎಂದು ಹೇಳುತ್ತಿದ್ದ. ಸ್ಪಂಜಿನಿಂದ ತೆಳ್ಳಗೆ ಒಂದು ಪದರ, ಹೆಬ್ಬೆರಳಿನಿಂದ ಸವರಿ ನೋಡಿ ಇನ್ನೊಂದು. ಆಮೇಲೆ ಎರಡು ಗಂಟೆ ಗಾಡಿ ನಿಂತಲ್ಲೇ ಒಣಗಬೇಕು. ಆ ಹೊತ್ತಿಗೆ ಅಂಗಳದ ಹಿಂದಿನ ಕೋಣೆಯಲ್ಲಿ ಅವನದೊಂದು ನಿದ್ದೆ.

ಆ ಕೆಲಸಕ್ಕೆ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ. ಆರು ತಿಂಗಳ ಹಿಂದೆ ಹೆಂಡತಿ, "ಒಂದು ಚಕ್ರ ನಾನು ಹಚ್ಲಾ?" ಎಂದಿದ್ದಕ್ಕೆ ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದ.

"ಇದೇನು ಮಂಡಿನೋವಿಗೆ ಮುಲಾಮು ತಿಕ್ಕೋದು ಅನ್ಕೊಂಡ್ಯಾ? ಕಪ್ಪಿನ ಮೇಲೆ ಕಪ್ಪು ಹಚ್ಚೋದು ಕಣೇ!"

ಅವಳು ಮತ್ತೆ ಆ ಮಾತೆತ್ತಲಿಲ್ಲ.

ಆಗ ಒಂದಿಬ್ಬರು ಗಿರಾಕಿಗಳು ಟೈರಿನಲ್ಲಿ ಅಲ್ಲಲ್ಲಿ ತೇಪೆ ಉಳಿದಿದೆ ಎಂದು ಗೊಣಗಿದ್ದು ನಿಜ. ಮಾಲೇ ಸರಿಯಿಲ್ಲ ಎಂದು ಮೇಸ್ತ್ರಿ ಕಂಪನಿಯನ್ನು ಬೈದು ಕೈತೊಳೆದುಕೊಂಡಿದ್ದ. ಅಲ್ಲಿಂದ ಈಚೆಗೆ ದೂರೇ ಇಲ್ಲ. "ನಿಮ್ಮ ಕೈ ಮೊದ್ಲಿಗಿಂತ ಈಗ್ಲೇ ಚೆನ್ನಾಗಿ ಪಳಗಿದೆ" ಎಂದು ಹಳೆಯ ಗಿರಾಕಿ ದಂತವೈದ್ಯೆ ಬಾಯ್ತುಂಬ ಹೊಗಳಿದ್ದಳು. ಆದರೆ ಮೂರನೇ ದಿನ ಅವಳ ಕಾರಿನ ಚಕ್ರಕ್ಕೆ ಗಾಳಿ ತುಂಬಲು ಬಗ್ಗಿದರೆ ಟೈರಿನಿಂದ ಕಿತ್ತಳೆ ವಾಸನೆ! ಬ್ಯಾಂಕ್ ಮ್ಯಾನೇಜರನ ಗಾಡಿಯದೂ ಅದೇ ಕಥೆ. ಇಲ್ಲಿ ಹೊಗಳಿಕೆ, ಅಲ್ಲಿ ವ್ಯಾಪಾರ ಎಂದುಕೊಂಡು ಮೇಸ್ತ್ರಿ ಹಲ್ಲು ಕಡಿದಿದ್ದ.

ಗಿರಾಕಿ ಹೋದರೆ ಇನ್ನೊಬ್ಬ ಬರುತ್ತಾನೆ. ಹೆಂಡತಿ? ಇಪ್ಪತ್ತಾರು ವರ್ಷ ಜೊತೆಗಿದ್ದವಳು. ಅವಳಿಲ್ಲದ ಮನೆಯಲ್ಲಿ ಅವನಿಗೆ ಒಂದು ದಿನವೂ ಸಾಗದು. ಎದುರಂಗಡಿಯವನಿಗೆ, ದನಿ ಕೇಳಿದರೆ, ಮೂವತ್ತೈದು ದಾಟಿರಲಿಕ್ಕಿಲ್ಲ. ನಯವಾಗಿ ಮಾತಾಡುತ್ತಾನೆ. ಅವಳನ್ನು ಅಕ್ಕಾ ಎನ್ನುತ್ತಾನೆ. ಅಕ್ಕ ಅಂತೆ ಅಕ್ಕ!

ಮರುದಿನ ಮಧ್ಯಾಹ್ನ ಅವನು ಸುಳ್ಳು ಗೊರಕೆ ಹೊಡೆಯುತ್ತ ಮಲಗಿದ. ಎಷ್ಟು ಚೆನ್ನಾಗಿ ಹೊಡೆದನೆಂದರೆ ನಿಜವಾದ ನಿದ್ದೆಯೇ ಬರುವುದರಲ್ಲಿತ್ತು. ಗೇಟಿನ ಕೊಂಡಿ ಸದ್ದಾಯಿತು. ಚಪ್ಪಲಿಯ ಟಪಟಪ ರಸ್ತೆ ದಾಟಿತು. ಎದುರಿನ ಗಾಜಿನ ಬಾಗಿಲಿನ ಗಂಟೆ ಕಿಣಿಕಿಣಿ ಎಂದಿತು. ಹಿಂದೆಯೇ ಅವಳ ನಗು. ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತು!

ಮುಂದಿನ ಗೇಟಿನಿಂದ ಹೋದರೆ ಕಳ್ಳರು ಎಚ್ಚೆತ್ತುಕೊಳ್ಳುತ್ತಾರೆ. ಮೇಸ್ತ್ರಿ ಹಿಂಬಾಗಿಲಿನಿಂದ ಹೊರಬಿದ್ದು, ಗೋಡೆ ಸವರಿಕೊಂಡು, ಓಣಿ ಸುತ್ತಿ ರಸ್ತೆಗಿಳಿದ. ಸ್ಕೂಟರೊಂದು ಕಿರ್ರೆಂದು ನಿಂತಿತು.

"ಏನ್ರೀ, ಸಾಯ್ಬೇಕು ಅಂತಿದೀರಾ?"

ಸಿಟ್ಟು ನೆತ್ತಿಗೇರಿದವನಿಗೆ ಸ್ಕೂಟರಿನ ಪರಿವೆ ಎಲ್ಲಿ? ಅವನು ಗಾಜಿನ ಬಾಗಿಲು ತಳ್ಳಿಕೊಂಡು ಒಳನುಗ್ಗಿದ.

"ಎಲ್ಲೋ ಅವಳು?"

"ಯಾರು, ಅಕ್ಕನಾ? ಈಗ ತಾನೇ ಹೋದ್ರಲ್ಲ" ಎಂದ ಎದುರಂಗಡಿಯವನು.

"ದಿನಾ ಬರ್ತಾಳಾ?"

"ದಿನಾ ಏನಿಲ್ಲ. ಮುಗಿದಾಗ ಬರ್ತಾರೆ." ಅವನ ದನಿ ತಗ್ಗಿತು. "ನಿಮಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದಾರೆ, ಅಣ್ಣಾ."

ಮೇಸ್ತ್ರಿ ಕೊರಳಪಟ್ಟಿಗೆ ಕೈ ಹಾಕಿದ. ಸಿಕ್ಕಿದ್ದು ತೋಳು. ಅದನ್ನೇ ಹಿಡಿದು ಜಗ್ಗಿದ.

"ನನ್ನ ಗಿರಾಕಿಗಳನ್ನ ಕಿತ್ಕೊಂಡೆ. ಈಗ ನನ್ನ ಹೆಂಡ್ತಿ. ಇನ್ನೇನು ಉಳಿಸ್ತೀಯೋ ನಂಗೆ?"

"ನಿಮ್ಮ ಒಬ್ಬ ಗಿರಾಕಿನೂ ಈ ಬಾಗಿಲು ದಾಟಿಲ್ಲ. ದಾಟಿದ್ರೆ ನಾನು ಹೀಗೆ ನೊಣ ಹೊಡೀತಾ ಕೂತಿರ್ತಿದ್ನಾ?" ಎದುರಂಗಡಿಯವನು ತೋಳು ಬಿಡಿಸಿಕೊಳ್ಳಲಿಲ್ಲ. "ಅಕ್ಕ ಬಾಟ್ಲಿ ತಗೊಂಡು ಹೋಗ್ತಾರೆ, ಅಷ್ಟೇ. ನಿಮ್ಮದನ್ನ ಮುಟ್ಟಿದ್ರೆ ನಿಮಗೆ ಗೊತ್ತಾಗುತ್ತಂತೆ."

"ಅವಳಿಗ್ಯಾಕೋ ಬಾಟ್ಲಿ?"

ಎದುರಂಗಡಿಯವನು ಅವನ ಹೆಗಲು ಹಿಡಿದು ಮೆಲ್ಲಗೆ ಬಾಗಿಲಿನತ್ತ ತಿರುಗಿಸಿದ.

"ನೀವೇ ನೋಡಿ. ನಿಮ್ಮ ಅಂಗಳದಲ್ಲೇ, ಕಾರಿನ ಪಕ್ಕ ಮಂಡಿಯೂರಿ ಕೂತಿದಾರೆ. ಆಗ್ಲೇ ನೀವು ಹಚ್ಚದೆ ಬಿಟ್ಟ ಜಾಗಕ್ಕೆಲ್ಲ ಹಚ್ತಿದಾರೆ."

ಮೇಸ್ತ್ರಿ ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ; ಇಪ್ಪತ್ತು ಹೆಜ್ಜೆ ಆಚೆ, ಮಧ್ಯಾಹ್ನದ ಬಿಸಿಲಲ್ಲೂ ತಿಳಿಯಾಗದ ಆ ಮಬ್ಬಿನಲ್ಲಿ ಯಾವುದು ಕಾರು, ಯಾರು ಹೆಂಡತಿ ಎಂದು ಅವನಿಗೆ ತಿಳಿಯಲಿಲ್ಲ.