ಬಲಗಡೆಯ ಪೆಡಲ್

ಬಲ ಪೆಡಲ್‌ನ ಎರಡೂ ಮಗ್ಗುಲಿನ ತಿರುಪುಗಳನ್ನು ಸಡಿಲ ಮಾಡಿ, ನಿರಂಜನ್ ಸೈಕಲ್ಲಿನ ಎಡಗಡೆಗೆ ಬಂದು ಕುಕ್ಕರುಗಾಲಿನಲ್ಲಿ ಕೂತ. ತಿರುಪು ತಿರುಗಿಸುವ ಅಲೆನ್ ಕೀಯನ್ನು ಇನ್ನೇನು ತೂರಿಸಬೇಕು, ಅಷ್ಟರಲ್ಲಿ ಮನೆಯೊಳಗಿಂದ ಗರಾಜಿಗೆ ಬರುವ ಬಾಗಿಲು ತೆರೆಯಿತು. ಅವನು ಕೀಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಟೈರು ಹಿಸುಕಿ ನೋಡುವವನ ಹಾಗೆ ಮುಂದಿನ ಚಕ್ರದ ಮೇಲೆ ಇನ್ನೊಂದು ಕೈಯಿಟ್ಟ.

“ಗಾಳಿ ಐತೇನು?” ಶಾಕಿರ್ ಎಡಗೈಯಲ್ಲಿ ಚಹಾ ಹಿಡಿದು ಬಂದ. ಬಲ ಮಣಿಕಟ್ಟಿಗೆ ಇನ್ನೂ ಕಪ್ಪು ಪಟ್ಟಿ. “ಒಂದ ಕಪ್ ತಂದೀನಿ. ಎರಡು ಹಿಡಿಯೋ ಕಾಲ ಮುಗೀತು.”

ಶಾಕಿರ್‌ಗೆ ಈ ಪೆಡಲ್ ಕೊಡಿಸಿದವನೂ, ಶೂ ಅಡಿಗೆ ಕ್ಲೀಟ್ ಎಂಬ ಲೋಹದ ಬಿಲ್ಲೆ ಕೂರಿಸಿದವನೂ ನಿರಂಜನ್. ಕ್ಲೀಟ್ ಹೋಗಿ ಪೆಡಲನ್ನು ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಟ್ಟುಕೊಡುತ್ತದೆ. ಶಾಕಿರ್‌ನ ಪಾದ ಮಾತ್ರ ಏರು ಬಂದಲ್ಲೆಲ್ಲ ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ಜೊತೆಗೆ ಸೈಕಲ್ ತುಳಿಯುವ ಗುಂಪಿನವರು ಮುಂದೆ ಹೋಗಿ ಕಾಯಬೇಕಿತ್ತು. ಕಾದು ಬೇಸತ್ತ ನಿರಂಜನ್, ಒಂದು ಭಾನುವಾರ ಶಾಕಿರ್ ಕಾಫಿ ತರಲು ಹೋದಾಗ, ಪಾರ್ಕಿಂಗ್ ಲಾಟಿನಲ್ಲೇ ಎರಡೂ ಪೆಡಲ್‌ಗಳ ಸ್ಪ್ರಿಂಗಿನ ತಿರುಪುಗಳನ್ನು ತಿರುಗುವಷ್ಟೂ ಬಿಗಿ ಮಾಡಿದ್ದ. ಅವನಿಗೆ ಹೇಳಿರಲಿಲ್ಲ. ಮೊದಲ ಸ್ಟಾಪ್ ಸೈನ್‌ನಲ್ಲಿ ಶಾಕಿರ್ ಎಂದಿನಂತೆ ಹಿಮ್ಮಡಿ ತಿರುಗಿಸಿದ. ಪಾದ ಬರಲಿಲ್ಲ. ಸೈಕಲ್ ಸಮೇತ ಬಲಕ್ಕೆ ಉರುಳಿ ಮಣಿಕಟ್ಟು ಮುರಿದುಕೊಂಡ.

ಕ್ಯಾಂಟನ್ ಊರಿನ ತನ್ನ ಕನ್ನಡಕದ ಅಂಗಡಿಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಹಿಡಿಯಲು ಅವನಿಗೆ ಇವತ್ತಿಗೂ ಆಗುತ್ತಿಲ್ಲ. ಹೇಳಿಬಿಡಬೇಕೆಂದು ನಿರಂಜನ್ ಆಸ್ಪತ್ರೆಗೆ ಹೋಗಿದ್ದ. ಅವನು ಬಾಯಿ ತೆರೆಯುವ ಮೊದಲೇ ಶಾಕಿರ್, “ನನ್ನ ಕಾಲಿಗೆ ಬುದ್ಧಿ ಇಲ್ಲಪಾ” ಎಂದು ನಕ್ಕಿದ್ದ. ಅಂದಿನಿಂದ ನಿರಂಜನ್ ಆ ನಗುವಿನ ಮರೆಯಲ್ಲೇ ದಿನ ತಳ್ಳುತ್ತಿದ್ದ. ಈಗ ಸೈಕಲ್ ಮಗಳಿಗೆ ಹೋಗುತ್ತದೆ, ಬಂದು ಕ್ಲೀಟ್ ಹಾಕಿಕೊಡು ಎಂದು ಶಾಕಿರ್ ಕರೆದಿದ್ದ.

“ನಿನ್ನೆ ದಾನಿಯಾ ಏರಿ ನೋಡಿದಳು,” ಎಂದ ಶಾಕಿರ್. “ಗ್ವಾಡಿ ಹಿಡಕೊಂಡು. ಎರಡೂ ಕಾಲು ಸಿಕ್ಕೊಂಡು ಬರವಲ್ವು. ಕಡೀಕ ಶೂ ಪೆಡಲಿಗೇ ಬಿಟ್ಟು ಬರಿಗಾಲಾಗ ಇಳದಳು. ಥೇಟ್ ನನ್ನ ಮಗಳ.”

ನಿನ್ನೆಯೇ ನೋಡಿದ್ದಾಳೆ. ಇವತ್ತು ಸಡಿಲವಾಗಿದ್ದರೆ ಗೊತ್ತಾಗಿಬಿಡುತ್ತದೆ. ನಿರಂಜನ್ ಇನ್ನೊಂದು ಕೈಯಿಂದ ಜೇಬಿನೊಳಗಿನ ಪೊಟ್ಟಣ ತೆಗೆದ. “ಅವಳಿಗೆ ಬೇರೆ ಥರದ ಕ್ಲೀಟ್ ತಂದಿದೀನಿ. ಯಾವ ಕಡೆ ತಿರುಗಿಸಿದ್ರೂ ಬಿಟ್ಕೊಳುತ್ತೆ. ಕಲಿಯೋರಿಗೆ ಇದೇ ಸರಿ.”

“ಮತ್ತ ನನಗ್ಯಾಕ ಇವನ್ನ ಹಾಕಲಿಲ್ಲೋ?”

“ಇವು ಮಕ್ಕಳಿಗೆ ಅಂತ ಆಗ ನಾನೇ ಅಂದಿದ್ದೆ.”

“ಹೌದು ಹೌದು. ನಾನೂ ದೊಡ್ಡ ಗಂಡಸಿನ ಹಂಗ ತಲಿ ಆಡಿಸಿದ್ದೆ.”

“ಶಾಕಿರ್, ಒಂದು ಮಾತು ಹೇಳಬೇಕು ನಿಂಗೆ…”

ಸಿಮೆಂಟಿನ ಮೇಲೆ ಶೂಗಳಿಂದ ಟಕಟಕ ಸದ್ದು ಮಾಡುತ್ತ ದಾನಿಯಾ ಬಂದಳು. “ಹಾಯ್ ಅಂಕಲ್. ಕ್ಲೀಟ್ ನಿನ್ನೆ ನಾನೇ ಹಾಕಿದೀನಿ, ಸ್ವಲ್ಪ ಕ್ರುಕೆಡ್. ಅಬ್ಬಾ ಹೇಳ್ತಾರೆ, ಯು ಆರ್ ದ ಎಕ್ಸ್‌ಪರ್ಟ್.”

ಗೋಡೆ ಹಿಡಿದು ಸೈಕಲ್ ಹತ್ತಿದಳು. ಬಲಗಾಲು ಒತ್ತಿದಳು, ಕಚ್ಚಿಕೊಂಡಿತು. ಹಿಮ್ಮಡಿ ತಿರುಗಿಸಿದಳು, ಸಲೀಸಾಗಿ ಬಂತು. ನಂಬದವಳ ಹಾಗೆ ಮತ್ತೊಮ್ಮೆ ಮಾಡಿದಳು. ಮತ್ತೂ ಬಂತು. ಆಮೇಲೆ ಎಡಗಾಲು. ತಿರುಗಿಸಿದಳು, ಎಳೆದಳು, ತುಟಿ ಕಚ್ಚಿ ಒದ್ದಾಡಿದಳು. ಕೊನೆಗೆ ಶೂವನ್ನು ಅಲ್ಲೇ ಬಿಟ್ಟು ಪಾದ ಹೊರಗೆಳೆದುಕೊಂಡಳು.

“ನೋಡಿದೇನು?” ಶಾಕಿರ್ ನಕ್ಕ. “ಅಂಕಲ್ ಬಂದ ಮ್ಯಾಲೆ ಒಂದು ಕಾಲಾರ ಕಲೀತು.”

ದಾನಿಯಾ ನಗಲಿಲ್ಲ. ಬಗ್ಗಿ ಬಲ ಪೆಡಲ್‌ನ ತಿರುಪನ್ನು ನೋಡಿದಳು, ಎಡ ಪೆಡಲ್‌ನದನ್ನು ನೋಡಿದಳು, ಬಳಿಕ ನಿರಂಜನ್‌ನ ಮುಚ್ಚಿದ ಮುಷ್ಟಿಯನ್ನು. ಅದರೊಳಗಿಂದ ಕೀಯ ತುದಿ ಇಣುಕುತ್ತಿತ್ತು.

“ಅಬ್ಬಾ ಬಿದ್ದಾಗ ಎರಡೂ ಇಷ್ಟೇ ಟೈಟ್ ಇತ್ತಾ, ಅಂಕಲ್?”

“ಬಿಡವಾ, ನನ್ನ ಕಾಲ ಸರಿ ಇರಲಿಲ್ಲ,” ಎಂದ ಶಾಕಿರ್.

ಹೇಳಬೇಕಾದ ಮಾತನ್ನು ಬಿಟ್ಟು ನಿರಂಜನ್ ಕೈ ಚಾಚಿದ. “ಶೂ ಕೊಡಮ್ಮ. ಹೊಸ ಕ್ಲೀಟ್ ಹಾಕಿ, ಎಲ್ಲಾ ನಾನೇ ಸರಿ ಮಾಡ್ಕೊಡ್ತೀನಿ.”

ದಾನಿಯಾ ಪೆಡಲಿನಲ್ಲಿ ಸಿಕ್ಕಿದ್ದ ಶೂವನ್ನು ಎರಡೂ ಕೈಯಿಂದ ಹಿಡಿದು ತಿರುಚಿ ಕಿತ್ತುಕೊಂಡು, ಎದೆಗವಚಿಕೊಂಡಳು.

“ನೋ, ಅಂಕಲ್. ನೀವು ಮುಟ್ಟಬೇಡಿ.”