ಕೊಬ್ಬು

ಕಣ್ಣು ತೆಗೆದರೆ ಸೋತಂತೆ ಎಂದು ಧೂಳಪ್ಪ ಸೂಕ್ಷ್ಮದರ್ಶಕದ ಮೇಲೆ ಬಗ್ಗಿಯೇ ನಿಂತಿದ್ದ. ಶಮ್ಶುನ್ನೀಸಾಳ ಸ್ಲೈಡಿನಲ್ಲಿ ಕುರಿಯ ಗುಂಡಿಗೆಯ ನರಕೋಶಗಳು ನೀಲಿ ಬಣ್ಣ ಹೀರಿಕೊಂಡು, ಮಧ್ಯಾಹ್ನದ ಬಿಸಿಲಿಗೆ ತಲೆ ಕೂಡಿಸಿ ನಿಂತ ಕುರಿಗಳಂತೆ ಗುಂಪುಗೂಡಿದ್ದವು. ಇಡೀ ಮಳೆಗಾಲ ಅವನೂ ಗುಂಡಿಗೆಗಳನ್ನೇ ಕೊಯ್ದಿದ್ದ. ಒಂದು ನರಕೋಶವೂ ಕಂಡಿರಲಿಲ್ಲ. ಈಗ ಸಿಂದಗಿಯ ಕಾಲೇಜಿನಿಂದ ಧಾರವಾಡದ ವಿಜ್ಞಾನ ಸಮ್ಮೇಳನಕ್ಕೆ ಹೋಗುವವಳು ಇವಳೇ. ಪಾಠ ಹೇಳಲು ಬಂದು ವರ್ಷವಾಗಿಲ್ಲ, ‘ಬಂದು ನೋಡ್ರಿ ಸರ’ ಎಂದು ಕರೆದು ತೋರಿಸುವ ಕೊಬ್ಬು ಬೇರೆ!

“ನಿಮ್ಮ ಮಂದಿ ಅಂತ ಮಟನ್ ಅಂಗಡಿ ಅಬ್ದುಲಗನಿ ಚಲೋ ಗುಂಡಿಗಿ ನಿಮಗ ತಗದಿಡ್ತಾನ, ಮೇಡಮ್ಮಾರ,” ಎಂದ, ಬಗ್ಗಿದಲ್ಲಿಂದಲೇ.

ಅವಳು ನಕ್ಕಳು. “ಚಲೋದು ನಿಮಗ ಕೊಡ್ತಾನ್ರೀ ಸರ. ಮೇಡಮ್ಮಾರಿಗಿಂತ ಚಲೋದು ನನಗ ಬೇಕು ಅಂತ ಮೊದಲನೇ ದಿನಾನ ಹೇಳಿದ್ರಂತಲ್ಲ? ಪಾಪ, ಅವತ್ತಿಂದ ನಿಮ್ಮ ಗುಂಡಿಗಿ ಕೊಬ್ಬು ಒಂಚೂರೂ ಬಿಡದ ಕೆತ್ತಿ, ತೊಳದು ಇಡ್ತಾನ. ನಾ ಹ್ಯಾಂಗ ಐತಿ ಹಂಗ ತರ್ತೇನಿ.”

ಪಕ್ಕದ ತಟ್ಟೆಯಲ್ಲಿ ಅವನ ಗುಂಡಿಗೆ ತೊಳೆದ ತಂಬಿಗೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ಧೂಳಪ್ಪ ಮತ್ತೆ ಸ್ಲೈಡು ನೋಡಿದ. ನೀಲಿ ಗುಂಪಿನ ಸುತ್ತಲೂ, ಇಷ್ಟು ಹೊತ್ತು ಕಣ್ಣಿಗೆ ಬಿದ್ದರೂ ಲಕ್ಷ್ಯ ಕೊಡದ ದುಂಡು ದುಂಡು ಬಿಳಿ ಗುಳ್ಳೆಗಳಿದ್ದವು. ಕೊಬ್ಬು. ನರಕೋಶಗಳು ಅದರೊಳಗೇ ಮನೆ ಮಾಡಿಕೊಂಡಿದ್ದವು.

“ಕಂಡ್ವೇನ್ರೀ ಸರ?”

“ಇಲ್ಲ,” ಎಂದ ಧೂಳಪ್ಪ, ಕಣ್ಣು ತೆಗೆಯದೆ.